ಕ್ರೋಮ್ ಬಂಪರಿನ ಬಣ್ಣ ಯಾಕೆ ಉದುರುತ್ತದೆ?

ಅಂಬಾಸಿಡರ್ ಕಾರು 1958ರಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ಕಟ್ಟಲು ತೊಡಗಿ 1996ರಲ್ಲಿ ಬಾಗಿಲು ಮುಚ್ಚಿತು. ಪ್ರೀಮಿಯರ್ ಪದ್ಮಿನಿಯಂತೂ ಈಗ ರಸ್ತೆಗಿಂತ ಹಳೆಯ ಸಿನಿಮಾಗಳಲ್ಲೇ ಹೆಚ್ಚು ಕಾಣಸಿಗುತ್ತದೆ. ಆದರೂ ಈ ವಾಹನಗಳನ್ನು ಜೋಪಾನವಾಗಿ ಇಟ್ಟುಕೊಂಡವರು ಕರ್ನಾಟಕದ ಊರೂರಲ್ಲಿ ಇದ್ದಾರೆ. ಅವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ತಲೆನೋವು ಕ್ರೋಮಿನದು. ಬಂಪರು, ಹೆಡ್‌ಲೈಟಿನ ರಿಮ್ಮು, ಬಾಗಿಲ ಹಿಡಿ, ಗ್ರಿಲ್ಲು ಎಲ್ಲದರ ಮೇಲೂ ಮೊದಲು ಸೂಜಿಮೊನೆಯಷ್ಟು ಕಂದು ಚುಕ್ಕೆ, ಆಮೇಲೆ ಗುಳ್ಳೆ, ಕಡೆಗೆ ಏಳುವ ಚಕ್ಕೆ. ಹೊಸದಾಗಿ ಕ್ರೋಮ್ ಹಾಕಿಸಲು ಹಣ ಸಾಲದೆ, ಇಲ್ಲವೇ ಚೊಕ್ಕವಾಗಿ ಪ್ಲೇಟಿಂಗ್ ಮಾಡುವವರು ಹತ್ತಿರದಲ್ಲಿ ಸಿಗದೆ, ಹಲವರು ಅದಕ್ಕೆ ಕಪ್ಪನ್ನೋ ಬೆಳ್ಳಿ ಬಣ್ಣವನ್ನೋ ಹೊಡೆಸುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹಾಳೆಹಾಳೆಯಾಗಿ ಎದ್ದು ಬರುತ್ತದೆ. ಗಾಡಿಯ ಯಜಮಾನರು ಪೇಂಟರನ್ನು ಬೈಯುತ್ತಾರೆ, ಪೇಂಟರು ಪ್ರೈಮರ್ ಕಂಪನಿಯನ್ನು ಬೈಯುತ್ತಾರೆ. ಎರಡು ಬೈಗುಳವೂ ಬಹುಪಾಲು ಗುರಿ ತಪ್ಪಿದವು. ಕೆಟ್ಟ ಕ್ರೋಮಿನ ಮೇಲೆ ಬಣ್ಣ ನಿಲ್ಲುವುದು, ಬೀಳುವುದು ಡಬ್ಬಿಯಲ್ಲಿ ನಿರ್ಧಾರವಾಗುವುದಿಲ್ಲ. ಕ್ರೋಮಿನ ಯಾವ ಭಾಗ ಇನ್ನೂ ಗಟ್ಟಿ, ಯಾವ ಭಾಗ ಒಳಗೊಳಗೇ ಸತ್ತಿದೆ, ಅದರ ಕೆಳಗಿರುವ ಲೋಹ ಯಾವುದು ಎಂಬ ತನಿಖೆಯಲ್ಲಿ ನಿರ್ಧಾರವಾಗುತ್ತದೆ. ಆ ತನಿಖೆಯೇ ನಮ್ಮ ಗ್ಯಾರೇಜುಗಳಲ್ಲಿ ನಡೆಯುವುದಿಲ್ಲ.

ನಾವು ಕ್ರೋಮ್ ಎಂದು ಕರೆಯುವುದು ಒಂದೇ ಲೋಹದ ಲೇಪವಲ್ಲ. ಒಳ್ಳೆಯ ಕೆಲಸವಾದರೆ ಉಕ್ಕಿನ ಮೇಲೆ ಮೊದಲು ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ಕ್ರೋಮಿಯಂ. ಇದರಲ್ಲಿ ನಿಕ್ಕಲ್ಲಿನ ದಪ್ಪ ಸುಮಾರು 10ರಿಂದ 40 ಮೈಕ್ರಾನ್. ಕ್ರೋಮಿಯಂ ಅರ್ಧ ಮೈಕ್ರಾನ್ ಮುಟ್ಟುವುದೂ ಅಪರೂಪ. ಕಾರ್ಖಾನೆಯಿಂದ ಬರುವ ಕಾರಿನ ಬಣ್ಣದ ಪದರಗಳೆಲ್ಲ ಸೇರಿ 100 ಮೈಕ್ರಾನಿನ ಆಸುಪಾಸು ಇರುತ್ತವೆ ಎಂದರೆ, ಕಣ್ಣಿಗೆ ಹೊಡೆಯುವ ಆ ಹೊಳಪು ಎಷ್ಟು ತೆಳುವಾದ ಪದರದ್ದು ಎಂದು ಲೆಕ್ಕ ಹಾಕಬಹುದು. ನಿಜವಾಗಿ ತುಕ್ಕನ್ನು ತಡೆಯುವುದು ನಿಕ್ಕಲ್. ಕ್ರೋಮಿಯಂ ಇರುವುದು ನಿಕ್ಕಲ್ ಮಂಕಾಗದಂತೆ, ಗೀರು ಬೀಳದಂತೆ ಕಾಯಲು ಮಾತ್ರ. 1920ರ ದಶಕಕ್ಕೆ ಮುಂಚಿನ ಕಾರುಗಳಲ್ಲಿ ಹೊಳೆಯುತ್ತಿದ್ದದ್ದು ಬರಿಯ ನಿಕ್ಕಲ್. ಅದನ್ನು ಪದೇಪದೇ ಉಜ್ಜದಿದ್ದರೆ ಹಳದಿಗಟ್ಟುತ್ತಿತ್ತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾಲಿನ್ ಫಿಂಕ್ ಮತ್ತು ಸಂಗಡಿಗರು ಆ ದಶಕದ ನಡುವೆ ಕ್ರೋಮಿಯಂ ಲೇಪನವನ್ನು ಕಾರ್ಖಾನೆಗೆ ಒಗ್ಗುವ ವಿಧಾನವಾಗಿಸಿದ ಮೇಲೆ ಉಜ್ಜುವ ಕೆಲಸ ತಪ್ಪಿತು. ಉಳಿದದ್ದು ಚರಿತ್ರೆ ಎನ್ನುವ ಹಾಗಿಲ್ಲ, ಏಕೆಂದರೆ ಆ ಪದರಕ್ಕೆ ಹುಟ್ಟಿನಿಂದಲೇ ಒಂದು ದೋಷವಿತ್ತು: ಅದರ ತುಂಬ ಕಣ್ಣಿಗೆ ಕಾಣದ ಬಿರುಕುಗಳು ಮತ್ತು ರಂಧ್ರಗಳು.

ಹಾಳಾಗುವ ಕ್ರಮ ಅರ್ಥವಾಗಬೇಕಾದರೆ ಈ ರಂಧ್ರಗಳಿಂದಲೇ ಹೊರಡಬೇಕು. ನೀರು, ಅದರಲ್ಲೂ ಉಪ್ಪಿನಂಶ ಇರುವ ನೀರು ಅಲ್ಲಿ ಇಳಿದು ನಿಕ್ಕಲ್ಲನ್ನು ಮುಟ್ಟುತ್ತದೆ. ಎರಡು ಬೇರೆ ಲೋಹಗಳು ಒಂದೇ ತೇವದಲ್ಲಿ ಕೂಡಿದರೆ ಒಂದು ಉಳಿಯುತ್ತದೆ, ಇನ್ನೊಂದು ಕರಗುತ್ತದೆ. ಇಲ್ಲಿ ಕ್ರೋಮಿಯಂ ಉಳಿದು ನಿಕ್ಕಲ್ ಕರಗುತ್ತದೆ. ನಿಕ್ಕಲ್ ತೂತಾಗಿ ಉಕ್ಕು ಸಿಕ್ಕಿದ ಮೇಲೆ ವೇಗ ಹೆಚ್ಚುತ್ತದೆ. ಸುತ್ತ ಅಗಲವಾದ ನಿಕ್ಕಲ್, ನಡುವೆ ಚುಕ್ಕೆಯಷ್ಟು ಉಕ್ಕು ಇರುವುದರಿಂದ ಇಡೀ ದಾಳಿ ಆ ಚುಕ್ಕೆಯ ಮೇಲೆಯೇ ನಡೆದು, ತುಕ್ಕು ಅಗಲವಾಗುವುದಕ್ಕಿಂತ ಮೊದಲು ಆಳಕ್ಕೆ ಇಳಿಯುತ್ತದೆ. ಹೊರಗೆ ಕಾಣುವ ಚುಕ್ಕೆ ಸಾಸಿವೆಯಷ್ಟಿದ್ದರೂ ಒಳಗೆ ನಿಕ್ಕಲ್ಲಿನ ಅಡಿಯಲ್ಲಿ ತುಕ್ಕು ಹರಡಿಕೊಂಡು ಪದರವನ್ನು ಮೇಲೆತ್ತಿರುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಕಡಲ ಗಾಳಿಯಲ್ಲಿ ಓಡಿದ ಗಾಡಿಗಳ ಬಂಪರು ಬಳ್ಳಾರಿ, ಚಿತ್ರದುರ್ಗದ ಗಾಡಿಗಳದ್ದಕ್ಕಿಂತ ಬೇಗ ಕೆಡುವುದಕ್ಕೆ ಈ ಉಪ್ಪೇ ಕಾರಣ. ಬಾಗಿಲ ಹಿಡಿ, ಲಾಂಛನ, ಕನ್ನಡಿಯ ತೋಳುಗಳ ಕಥೆ ಬೇರೆ. ಅವು ಹೆಚ್ಚಾಗಿ ಸತುವಿನ ಎರಕ, ಗ್ಯಾರೇಜಿನಲ್ಲಿ ಮಜಾಕ್ ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿ ಕಂದು ತುಕ್ಕು ಬರುವುದಿಲ್ಲ. ಬಿಳಿ ಪುಡಿ ತುಂಬಿದ ಗುಳ್ಳೆಗಳು ಏಳುತ್ತವೆ, ಅವುಗಳ ಕೆಳಗೆ ಲೋಹವೇ ತಿಂದುಹೋಗಿರುತ್ತದೆ.

ಇಂಥ ಮೇಲ್ಮೈಗೆ ಬಣ್ಣ ಅಂಟದಿರುವುದಕ್ಕೆ ಕಾರಣ ಬರಿಯ ನುಣುಪಲ್ಲ. ಕ್ರೋಮಿಯಂ ಗಾಳಿಗೆ ಸಿಕ್ಕ ಕೂಡಲೇ ತನ್ನ ಮೇಲೆ ಕೆಲವೇ ನ್ಯಾನೋಮೀಟರಿನಷ್ಟು ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಆ ಪದರ ಸುಲಭಕ್ಕೆ ಯಾವುದರ ಜೊತೆಗೂ ವರ್ತಿಸುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದೂ ಇದರಿಂದಲೇ. ಗ್ಯಾರೇಜಿನವರು ಭರವಸೆ ಇಡುವ ಎಚ್ ಪ್ರೈಮರಿನ ಕತೆ ಇಲ್ಲಿ ಎಡವುತ್ತದೆ. ಎಚ್ ಪ್ರೈಮರಿನ ಶಕ್ತಿ ಇರುವುದು ಅದರೊಳಗಿನ ಫಾಸ್ಫರಿಕ್ ಆಮ್ಲದಲ್ಲಿ. ಅದು ಉಕ್ಕು, ಸತು, ಅಲ್ಯೂಮಿನಿಯಂ ಜೊತೆ ವರ್ತಿಸಿ ಬೇರೂರುತ್ತದೆ. ಗಟ್ಟಿಯಾಗಿರುವ ಕ್ರೋಮಿನ ಆಕ್ಸೈಡಿನ ಮೇಲೆ ಆ ಆಮ್ಲ ಹೆಚ್ಚೇನೂ ಮಾಡಲಾರದು. ಲೋಹವನ್ನು ಕಚ್ಚುವ ಪ್ರೈಮರ್ ಎಂದು ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಯಾವ ಲೋಹ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಅಷ್ಟೆ. ಇದರ ಜೊತೆಗೆ ಇನ್ನೊಂದು ಅಡ್ಡಿಯಿದೆ. ಆ ಬಂಪರಿಗೆ ವರ್ಷಾನುಗಟ್ಟಲೆ ಪಾಲಿಶ್, ವ್ಯಾಕ್ಸ್ ತಿಕ್ಕಿರುತ್ತಾರೆ. ಅದರೊಳಗಿನ ಸಿಲಿಕೋನ್ ಸೂಕ್ಷ್ಮ ಬಿರುಕುಗಳಲ್ಲಿ ಕೂತಿರುತ್ತದೆ.

ಈಗ ವಾದದ ಮುಖ್ಯ ಭಾಗಕ್ಕೆ ಬರೋಣ. ಪ್ರೈಮರು ಎಷ್ಟೇ ದುಬಾರಿಯದಾಗಲಿ, ಅದು ಹಿಡಿದುಕೊಳ್ಳುವುದು ತನ್ನ ಕೆಳಗಿರುವ ಮೊದಲ ಪದರವನ್ನು ಮಾತ್ರ. ಆ ಪದರವೇ ಉಕ್ಕನ್ನು ಬಿಟ್ಟು ಎದ್ದಿದ್ದರೆ ಪ್ರೈಮರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೇ ಜೊತೆಯಲ್ಲಿ ಎದ್ದು ಬರುತ್ತದೆ. ಇದನ್ನು ನೋಡಬೇಕಾದರೆ ಉದುರಿದ ಬಣ್ಣದ ಚಕ್ಕೆಯನ್ನು ತಿರುಗಿಸಿದರೆ ಸಾಕು. ಹಿಂಬದಿ ಬರಿಯ ಪ್ರೈಮರ್ ಕಂಡರೆ ಕ್ರೋಮನ್ನು ಸರಿಯಾಗಿ ಉಜ್ಜಿಲ್ಲ, ಅಥವಾ ಜಿಡ್ಡು ಉಳಿದಿತ್ತು. ಹಿಂಬದಿಯಲ್ಲಿ ಲೋಹದ ಹೊಳಪು, ತುಕ್ಕಿನ ಪುಡಿ ಕಂಡರೆ ಬಣ್ಣದ ತಪ್ಪೇ ಇಲ್ಲ, ಪ್ಲೇಟಿಂಗ್ ಬಿಟ್ಟಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಇವೆರಡನ್ನು ಒಂದೇ ಎಂದು ತಿಳಿದು ಇನ್ನೊಂದು ಕೋಟ್ ಪ್ರೈಮರ್ ಹೊಡೆಯುವುದು ನಮ್ಮಲ್ಲಿ ಸಾಮಾನ್ಯ. ಕೆಲಸಕ್ಕೆ ಮುಂಚಿನ ತನಿಖೆಗೆ ಯಂತ್ರವೇನೂ ಬೇಡ. ಗಟ್ಟಿ ಅಂಟಿನ ಟೇಪನ್ನು ಇಡೀ ಭಾಗದ ಮೇಲೆ ಒತ್ತಿ ಸರಕ್ಕನೆ ಎಳೆಯಬೇಕು, ಚುಕ್ಕೆಗಳ ಸುತ್ತ ಚಾಕುವಿನ ಮೊನೆಯಿಂದ ಕೆದಕಬೇಕು. ಎದ್ದದ್ದೆಲ್ಲ ಹೋಗಲಿ, ಏಳದ ಅಂಚು ಸಿಗುವವರೆಗೆ ಕೆದಕಬೇಕು. ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಒಳಗೆ ಉಕ್ಕು. ಹಾಗೆ ಅಂಟದೆ ಬಿಳಿ ಪುಡಿ ಬಂದರೆ ಸತು, ಹಸಿರು ಕಿಲುಬು ಬಂದರೆ ತಾಮ್ರ ಅಥವಾ ಹಿತ್ತಾಳೆ. ಅರ್ಧ ಗಂಟೆಯ ಈ ಕೆಲಸ ಮಾಡದೆ ಬಣ್ಣಕ್ಕೆ ಕೂಲಿ ಮಾತಾಡುವುದು ನನ್ನ ದೃಷ್ಟಿಯಲ್ಲಿ ಕಣ್ಣುಮುಚ್ಚಿ ದುಡ್ಡು ಕೊಟ್ಟ ಹಾಗೆ.

ಇಷ್ಟು ರಗಳೆ ಯಾಕೆ, ಕ್ರೋಮನ್ನೆಲ್ಲ ಕಿತ್ತು ಬರಿಯ ಉಕ್ಕಿಗೆ ತಂದುಬಿಟ್ಟರೆ ಆಯಿತಲ್ಲ ಎಂಬುದು ಮೊದಲ ಆಕ್ಷೇಪ. ಪುಸ್ತಕದ ಪ್ರಕಾರ ಇದು ಸರಿಯಾಗಿ ಕಾಣುತ್ತದೆ, ಬಂಪರು ಪೂರ್ತಿ ಚಕ್ಕೆ ಎದ್ದಿದ್ದರೆ ಅದೇ ಸರಿ ಕೂಡ. ಆದರೆ ಅದನ್ನು ಎಲ್ಲಕ್ಕೂ ಅನ್ವಯಿಸುವುದು ತಪ್ಪು. ಗಟ್ಟಿಯಾಗಿ ಕೂತ ನಿಕ್ಕಲ್ ಉಕ್ಕಿಗೆ ಸಿಗಬಹುದಾದ ಒಳ್ಳೆಯ ಕವಚಗಳಲ್ಲಿ ಒಂದು. ಅದನ್ನು ಉಳಿಸಿ ಮೇಲೆ ಒರಟು ಮಾಡಿದರೆ ಬಣ್ಣಕ್ಕೂ ನೆಲೆ, ಉಕ್ಕಿಗೂ ರಕ್ಷಣೆ. ಮಜಾಕ್ ಭಾಗವನ್ನು ಆಮ್ಲದಲ್ಲಿ ಅದ್ದಿದರೆ ಕ್ರೋಮ್ ಜೊತೆ ಸತುವೂ ಕರಗಿ, ಕೈಯಲ್ಲಿ ಉಳಿಯುವುದು ಗುಂಡಿಬಿದ್ದ ಎರಕ. ಇನ್ನು ಕಿತ್ತುಹಾಕುವ ವಿಧಾನಗಳನ್ನೇ ನೋಡಿ. ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮನ್ನು ಕರಗಿಸುತ್ತದೆ, ಹೊಗೆ ಶ್ವಾಸಕ್ಕೆ ಕೆಟ್ಟದ್ದು. ಹಳೆಯ ಬ್ಯಾಟರಿ ಚಾರ್ಜರು, ಕಾಸ್ಟಿಕ್ ಸೋಡಾ ನೀರು ಇಟ್ಟುಕೊಂಡು ಮನೆಯ ಹಿತ್ತಲಲ್ಲೇ ಕರೆಂಟು ಹಾಯಿಸಿ ಕ್ರೋಮ್ ತೆಗೆಯಬಹುದು ಎಂಬ ಸಲಹೆಯೂ ಓಡಾಡುತ್ತದೆ. ತೆಗೆಯಬಹುದು ನಿಜ, ಆದರೆ ಆ ನೀರು ಹಳದಿಯಾಗುವುದು ಅದರಲ್ಲಿ ಕ್ರೋಮೇಟ್ ಸೇರಿದ್ದರಿಂದ. ಕ್ಯಾನ್ಸರ್‌ಕಾರಕ ಎಂದು ಖಚಿತವಾಗಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂದರೆ ಇದೇ. ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ ವಿಷಯ ಎಷ್ಟೋ ವರ್ಷದಿಂದ ಚರ್ಚೆಯಲ್ಲಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ ಇರಬಾರದು ಎಂಬುದು ಭಾರತೀಯ ಮಾನಕ. ಒಂದು ಬಂಪರಿನ ಆಸೆಗೆ ಬಕೆಟ್ಟುಗಟ್ಟಲೆ ಆ ಹಳದಿ ನೀರನ್ನು ಚರಂಡಿಗೆ ಸುರಿಯುವುದಕ್ಕೆ ಸಮಜಾಯಿಷಿ ಇಲ್ಲ. ಪೂರ್ತಿ ತೆಗೆಯಲೇಬೇಕಾದರೆ ತ್ಯಾಜ್ಯ ಸಂಸ್ಕರಿಸುವ ಪ್ಲೇಟಿಂಗ್ ಘಟಕಕ್ಕೆ ಕೊಡಬೇಕು, ಅಥವಾ ಉಕ್ಕಿನ ಭಾಗವಾದರೆ ಬ್ಲಾಸ್ಟಿಂಗ್ ಮಾಡಿಸಬೇಕು. ಬ್ಲಾಸ್ಟಿಂಗಿಗೆ ನದಿಮರಳು ಬಳಸುವವರಿಂದ ದೂರ ಇರುವುದು ಕ್ಷೇಮ, ಆ ಧೂಳು ಸಿಲಿಕೋಸಿಸ್ ತರುತ್ತದೆ.

ಎರಡನೆಯ ಆಕ್ಷೇಪ ಇದಕ್ಕೆ ನೇರ ವಿರುದ್ಧ ದಿಕ್ಕಿನದು, ಬರುವುದೂ ಅನುಭವಸ್ಥ ಪೇಂಟರುಗಳಿಂದ. ಉಪ್ಪುಕಾಗದದಲ್ಲಿ ಉಜ್ಜಿ ಪ್ರೈಮರ್ ಹೊಡೆದು ಬಣ್ಣ ಹಾಕಿದ ಎಷ್ಟೋ ಗಾಡಿಗಳು ಇವತ್ತಿಗೂ ಚೆನ್ನಾಗಿವೆ, ನೀವು ಸುಮ್ಮನೆ ಹೆದರಿಸುತ್ತೀರಿ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಲಾಗದು. ಡ್ಯಾಶ್‌ಬೋರ್ಡಿನ ಪಟ್ಟಿ, ಒಳಬಾಗಿಲ ಹಿಡಿಗಳಂಥ ಮಳೆ ಬೀಳದ, ತುಕ್ಕು ಹಿಡಿಯದ ಕ್ರೋಮಿನ ಮೇಲೆ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ ಹೊಡೆದ ಬಣ್ಣ ವರ್ಷಾನುಗಟ್ಟಲೆ ನಿಲ್ಲುತ್ತದೆ. ಅವರು ಗೆದ್ದ ಉದಾಹರಣೆಗಳು ಹೆಚ್ಚಾಗಿ ಇಂಥವೇ. ಕ್ರೋಮ್ ಗಟ್ಟಿಯಾಗಿತ್ತು, ಆದ್ದರಿಂದ ಗೆದ್ದರು. ನಮ್ಮ ಚರ್ಚೆ ಕೆಟ್ಟ ಕ್ರೋಮಿನದು. ಅಲ್ಲಿ ಅದೇ ವಿಧಾನ ಸೋಲುವುದು ತುಕ್ಕಿನ ಗುಂಡಿಗಳ ತಳದಲ್ಲಿ. ಉಪ್ಪುಕಾಗದ ಗುಂಡಿಯ ಅಂಚನ್ನು ಸವೆಸುತ್ತದೆ, ತಳ ಮುಟ್ಟುವುದಿಲ್ಲ. ತಳದಲ್ಲಿ ಉಳಿದ ತುಕ್ಕು ಮತ್ತು ಲವಣದ ಮೇಲೆ ಪ್ರೈಮರು ಸೇತುವೆ ಕಟ್ಟಿ ಕೂರುತ್ತದೆ. ಬಣ್ಣದ ಪದರವನ್ನು ನೀರಾವಿ ಸ್ವಲ್ಪಸ್ವಲ್ಪವೇ ದಾಟುತ್ತದೆ, ಲವಣ ಅದನ್ನು ತನ್ನತ್ತ ಸೆಳೆದು ದ್ರಾವಣವಾಗುತ್ತದೆ, ಒತ್ತಡ ಹೆಚ್ಚಿ ಗುಳ್ಳೆ ಏಳುತ್ತದೆ. ಬೇಸಿಗೆಯಲ್ಲಿ ಹೊಡೆದ ಬಣ್ಣ ಜುಲೈನಲ್ಲಿ ಏಳುವುದರ ಗುಟ್ಟು ಇಷ್ಟೇ.

ಹಾಗಾದರೆ ಕೆಲಸದ ಕ್ರಮ ಯಾವುದು? ತೊಳೆಯುವುದು ಉಜ್ಜುವುದಕ್ಕಿಂತ ಮೊದಲು ಬರಬೇಕು, ಇದರಲ್ಲಿ ರಾಜಿ ಇಲ್ಲ. ಮೊದಲೇ ಉಜ್ಜಿದರೆ ಪಾಲಿಶಿನ ಸಿಲಿಕೋನು ಹೊಸ ಗೀರುಗಳೊಳಗೆ ಒತ್ತಿಕೊಂಡು ಆಮೇಲೆ ಬಣ್ಣದಲ್ಲಿ ಮೀನಿನ ಕಣ್ಣಿನ ಆಕಾರದ ಗುಳಿಗಳನ್ನು ತರುತ್ತದೆ. ಸೋಪಿನ ನೀರು, ಆಮೇಲೆ ಜಿಡ್ಡು ತೆಗೆಯುವ ದ್ರಾವಣ. ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ಒರೆಸಬೇಕು. ಸೀಮೆಎಣ್ಣೆಯಲ್ಲಿ ಒರೆಸುವ ಹಳೆಯ ರೂಢಿ ಬೇಡವೇ ಬೇಡ, ಅದು ತಾನೇ ಎಣ್ಣೆಯ ಪದರ ಬಿಟ್ಟು ಹೋಗುತ್ತದೆ. ಕ್ರೋಮಿಯಂ ಉಕ್ಕಿಗಿಂತ ಬಹಳ ಗಡಸು, ಸಾಧಾರಣ ಕಾಗದ ಬೇಗ ಮೊಂಡಾಗುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಕಾಗದದಲ್ಲಿ, ಚಕ್ಕೆ ಎದ್ದ ಅಂಚುಗಳಿಗೆ 80 ಅಥವಾ 120 ನಂಬರಿನಿಂದ ತೊಡಗಿ ಉಳಿದ ಕಡೆ 180, ಕಡೆಗೆ 320ಕ್ಕೆ ಮುಗಿಸಿದರೆ ಸಾಕು. ಪ್ಲೇಟಿಂಗ್ ಮುಗಿದು ಉಕ್ಕು ತೊಡಗುವ ಗೆರೆಯ ಮೇಲೆ ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಎಲ್ಲಿ ಇನ್ನೂ ಹೊಳಪು ಕಾಣುತ್ತದೋ ಅಲ್ಲಿಂದಲೇ ಮುಂದೆ ಬಣ್ಣ ಏಳುತ್ತದೆ, ಆದ್ದರಿಂದ ಒಂದು ಬಲ್ಬು ಹಿಡಿದು ಅಡ್ಡಬೆಳಕಿನಲ್ಲಿ ನೋಡಬೇಕು. ಗುಂಡಿಗಳ ತಳಕ್ಕೆ ಬ್ಲಾಸ್ಟಿಂಗ್ ಅತ್ಯುತ್ತಮ. ಅದು ಸಿಗದಿದ್ದರೆ ಸಣ್ಣ ತಂತಿಬ್ರಷ್ಷು, ಉಕ್ಕಾದರೆ ಫಾಸ್ಫರಿಕ್ ಆಮ್ಲದ ರಸ್ಟ್ ರಿಮೂವರ್. ಆಮ್ಲ ಹಾಕಿದ ಮೇಲೆ ಅದನ್ನು ಪೂರ್ತಿ ತೊಳೆದು ತೆಗೆಯುವುದು ಹಾಕುವುದಕ್ಕಿಂತ ಮುಖ್ಯ. ತೊಳೆದ ನೀರು ಲೋಹದ ಮೇಲೆ ಹನಿಹನಿಯಾಗಿ ಒಡೆಯದೆ ಒಂದೇ ಹಾಳೆಯಾಗಿ ಹರಿದರೆ ಜಿಡ್ಡು ಹೋಗಿದೆ ಎಂದು ನಂಬಬಹುದು. ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸಿ, ಉಕ್ಕು ಮತ್ತೆ ಕೆಂಪಗಾಗುವ ಮೊದಲೇ ಒಮ್ಮೆ ಒಣಕಾಗದ ಎಳೆದು ಅದೇ ದಿನ ಪ್ರೈಮರ್ ಹೊಡೆಯಬೇಕು. ಮಲೆನಾಡಿನ ಆಷಾಢದ ತೇವದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಜಾಣತನ.

ಪ್ರೈಮರಿನ ಆಯ್ಕೆ ಈಗ ತಾನಾಗಿ ಹೊರಬರುತ್ತದೆ. ಸಿದ್ಧವಾದ ಬಂಪರಿನ ಮೇಲೆ ಈಗ ಇರುವುದು ಒಂದೇ ಮೇಲ್ಮೈಯಲ್ಲ, ಒರಟು ಮಾಡಿದ ಕ್ರೋಮ್, ಅಲ್ಲಲ್ಲಿ ಇಣುಕುವ ನಿಕ್ಕಲ್, ತಾಮ್ರದ ಗೆರೆ, ನಡುನಡುವೆ ಬರಿಯ ಉಕ್ಕು. ಈ ಎಲ್ಲವನ್ನೂ ಹಿಡಿಯುವುದು, ನೀರನ್ನೂ ಚೆನ್ನಾಗಿ ತಡೆಯುವುದು ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್. ಎಚ್ ಪ್ರೈಮರಿಗೆ ಜಾಗ ಇರುವುದು ಪೂರ್ತಿ ಬರಿಯ ಉಕ್ಕಿನ ಮೇಲೆ ತೆಳುವಾಗಿ. ಅದು ಆರುವ ಮುನ್ನ ಎಪಾಕ್ಸಿ ಹೊಡೆದರೆ, ಅಥವಾ ಅದರ ಮೇಲೆ ನೇರವಾಗಿ ಪುಟ್ಟಿ ಎಳೆದರೆ, ಉಳಿದ ಆಮ್ಲ ಮೇಲಿನ ಪದರ ಗಟ್ಟಿಯಾಗಲು ಬಿಡುವುದಿಲ್ಲ. ಗುಂಡಿ ತುಂಬುವ ಪುಟ್ಟಿ ಎಪಾಕ್ಸಿಯ ಮೇಲೆ ಬರಲಿ, ಎಂದೂ ಕ್ರೋಮಿನ ಮೇಲೆ ಬರುವುದು ಬೇಡ. ಅಗ್ಗವೆಂದು ಎಲ್ಲದಕ್ಕೂ ಬಳಿಯುವ ರೆಡ್ ಆಕ್ಸೈಡ್ ಮಜಾಕ್ ಭಾಗಗಳಿಗೆ ಶತ್ರು. ಅದರ ಎಣ್ಣೆಯ ಅಂಶ ಸತುವಿನ ಜೊತೆ ಸೇರಿ ಸಾಬೂನಾಗುತ್ತದೆ, ಬಣ್ಣ ಸಲೀಸಾಗಿ ಜಾರಿ ಬರುತ್ತದೆ. ಕೋಟುಗಳ ನಡುವಿನ ಸಮಯ ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಅದು ಮೀರಿದರೆ ಮತ್ತೆ ಉಜ್ಜಲೇಬೇಕು.

ಇತ್ತೀಚಿನ ಕಾರುಗಳ ಗ್ರಿಲ್ಲು, ಲೋಗೋಗಳು ಎಬಿಎಸ್ ಪ್ಲಾಸ್ಟಿಕ್ಕಿನ ಮೇಲೆ ಕ್ರೋಮ್ ಏರಿಸಿದವು. ಅಲ್ಲಿ ಕೆಳಗೆ ತುಕ್ಕಿಲ್ಲ, ಆದರೆ ಎದ್ದ ಚಕ್ಕೆಗಳು ಬ್ಲೇಡಿನಷ್ಟು ಹರಿತ. ಥಿನ್ನರ್ ಸುರಿದರೆ ಪ್ಲಾಸ್ಟಿಕ್ ಬಿರುಕುಬಿಡುತ್ತದೆ, ಪ್ಲಾಸ್ಟಿಕ್ ಕಂಡ ಜಾಗಕ್ಕೆ ಪ್ಲಾಸ್ಟಿಕ್ ಪ್ರೈಮರೇ ಬೇಕು. ಹೊಸ ಭಾಗ ಸುಲಭ ಬೆಲೆಗೆ ಸಿಗುವುದಾದರೆ ಅದನ್ನು ಕೊಳ್ಳುವುದೇ ಲೇಸು.

ಮೂರನೆಯ ಆಕ್ಷೇಪ ಹಳೆಯ ಗಾಡಿಗಳ ಅಭಿಮಾನಿಗಳದ್ದು. ಕ್ರೋಮ್ ಇದ್ದ ಜಾಗಕ್ಕೆ ಕ್ರೋಮೇ ಬರಬೇಕು, ಬಣ್ಣ ಹೊಡೆಯುವುದು ಗಾಡಿಗೆ ಮಾಡುವ ಅನ್ಯಾಯ. ಜಾವಾದ ಪೆಟ್ರೋಲ್ ಟ್ಯಾಂಕಿನ ಪಕ್ಕದ ಹೊಳಪಿನ ವಿಷಯದಲ್ಲಿ ನಾನು ಇದನ್ನು ಒಪ್ಪುತ್ತೇನೆ, ಅದಕ್ಕೆ ಬಣ್ಣ ಬಳಿದರೆ ಅದು ಜಾವಾ ಅನ್ನಿಸುವುದಿಲ್ಲ. ಪ್ರದರ್ಶನಕ್ಕೆ ಹೋಗುವ ಗಾಡಿಗಳಿಗೂ ಸರಿ. ಆದರೆ ದಿನಾ ಓಡುವ ಗಾಡಿಯ ಬಂಪರಿಗೆ ಈ ನಿಯಮ ಹೇರುವುದರಲ್ಲಿ ಅರ್ಥ ಕಡಿಮೆ. ಗುಂಡಿಬಿದ್ದ ಭಾಗಕ್ಕೆ ಮರುಪ್ಲೇಟಿಂಗ್ ಎಂದರೆ ಹಳೆಯದನ್ನು ಕರಗಿಸಿ, ಗುಂಡಿಗಳಿಗೆ ತಾಮ್ರ ತುಂಬಿ, ಬಫ್ ಹೊಡೆದು, ಮತ್ತೆ ತುಂಬಿ, ಆಮೇಲೆ ನಿಕ್ಕಲ್ ಮತ್ತು ಕ್ರೋಮ್. ಈ ಹಂತಗಳನ್ನು ನುಂಗಿ ಅಗ್ಗಕ್ಕೆ ಮಾಡಿದ ತೆಳು ಕ್ರೋಮ್ ನೆಟ್ಟಗೆ ಹೊಡೆದ ಬಣ್ಣಕ್ಕಿಂತ ಮೊದಲೇ ತುಕ್ಕು ಕಾಣಿಸುತ್ತದೆ. ಲೋಕದ ದಾರಿಯೂ ಆ ಕಡೆ ಹೋಗುತ್ತಿಲ್ಲ. ಯುರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್‌ನಿಂದ ಕ್ರೋಮಿಯಂ ಟ್ರೈಆಕ್ಸೈಡ್ ಬಳಸಲು ವಿಶೇಷ ಅನುಮತಿ ಬೇಕು. ಅಲಂಕಾರದ ಹೆಕ್ಸಾವೇಲೆಂಟ್ ಕ್ರೋಮ್ ಪ್ಲೇಟಿಂಗನ್ನು 2027ರ ಜನವರಿಯಿಂದ ನಿಲ್ಲಿಸುವ ನಿಯಮವನ್ನು ಕ್ಯಾಲಿಫೋರ್ನಿಯಾದ ವಾಯುಮಂಡಳಿ 2023ರಲ್ಲಿ ಅಂಗೀಕರಿಸಿತು. ಇದಕ್ಕೆ ಬದಲಿಯಾದ ಟ್ರೈವೇಲೆಂಟ್ ಕ್ರೋಮ್ ಇದೆ, ಆದರೆ ಅದರ ಛಾಯೆ ಹಳೆಯ ನೀಲಿಮಿಶ್ರ ಹೊಳಪಿಗಿಂತ ಒಂದಿಷ್ಟು ಬೇರೆ. ಚೆನ್ನಾಗಿ ಸಿದ್ಧಮಾಡಿ ಹೊಡೆದ ಬಣ್ಣವನ್ನು ಬಡವರ ದಾರಿ ಎಂದು ಕೀಳುಗಳೆಯುವ ಕಾಲ ಮುಗಿಯಿತು ಎಂದೇ ನನ್ನ ಅಭಿಪ್ರಾಯ.

ಉಜ್ಜುವವರ ಬಗ್ಗೆ ಒಂದು ಮಾತು. ನಿಕ್ಕಲ್ಲಿನ ಧೂಳು ಚರ್ಮದ ಅಲರ್ಜಿಗೆ ಹೆಸರಾದದ್ದು, ಶ್ವಾಸಕೋಶಕ್ಕೂ ಸಲ್ಲದು. ಆದಷ್ಟು ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಬೇಕು, ಕರ್ಚೀಫಿನ ಬದಲು ಧೂಳು ತಡೆಯುವ ಮಾಸ್ಕ್ ಬೇಕು. ಗಟ್ಟಿಕಾರಕ ಬೆರೆಸುವ ಮೇಲುಬಣ್ಣಗಳಲ್ಲಿ ಐಸೋಸೈನೇಟ್ ಇರುತ್ತದೆ, ಅದು ಆಸ್ತಮಾ ತರಬಲ್ಲದು. ಅದಕ್ಕೆ ಬಟ್ಟೆಯ ಮಾಸ್ಕಿನಿಂದ ಏನೂ ಉಪಯೋಗವಿಲ್ಲ. ಗಾಡಿ ಕೊಡುವ ಯಜಮಾನರು ಇದರ ಖರ್ಚನ್ನೂ ಕೂಲಿಯಲ್ಲಿ ಸೇರಿಸಿ ಕೊಡಲಿ.

ಗಾಡಿಯನ್ನು ಗ್ಯಾರೇಜಿಗೆ ಬಿಡುವ ಓದುಗರು ಒಂದೇ ಒಂದು ಷರತ್ತು ಹಾಕಿದರೂ ಸಾಕು: ಪ್ರೈಮರ್ ಪೂರ್ತಿ ಗಟ್ಟಿಯಾದ ಮೇಲೆ, ಬಣ್ಣ ಹೊಡೆಯುವ ಮೊದಲು ತಮ್ಮನ್ನು ಕರೆಯಬೇಕು. ಬಂಪರಿನ ಕೆಳಬದಿಯಲ್ಲಿ, ಹಳೆಯ ಕ್ರೋಮ್ ಮತ್ತು ಬರಿಯ ಉಕ್ಕು ಕೂಡುವ ಜಾಗದಲ್ಲಿ, ಬ್ಲೇಡಿನಿಂದ ಒಂದೆರಡು ಮಿಲಿಮೀಟರ್ ಅಂತರದ ಆರು ಗೀರು ಉದ್ದಕ್ಕೆ, ಆರು ಅಡ್ಡಕ್ಕೆ ಹಾಕಿ, ಟೇಪ್ ಒತ್ತಿ ಎಳೆಯಿರಿ. ಬಣ್ಣದ ಉದ್ಯಮದಲ್ಲಿ ಐಎಸ್ಒ 2409 ಹೆಸರಿನಲ್ಲಿ ನಡೆಯುವ ಪರೀಕ್ಷೆಯ ಮೂಲರೂಪ ಇದೇ. ಚೌಕಗಳೆಲ್ಲ ಇದ್ದಲ್ಲೇ ಇದ್ದರೆ ಬಣ್ಣ ಹೊಡೆಯಲು ಹೇಳಿ. ಟೇಪಿನ ಮೇಲೆ ಚೌಕಗಳು ಕಿತ್ತು ಬಂದರೆ ಪ್ರೈಮರ್ ತೆಗೆಸಿ, ತನಿಖೆಯಿಂದ ಮತ್ತೆ ಶುರು ಮಾಡಿಸಿ.